ಬೆಸುಗೆ ಕಾಣದ ಕೈಕೆಲಸ: ಸ್ಯಾಮ್ ಬ್ಯಾರಿಸ್ ಅವರ ಬದುಕು

ಹಳೆಯ ಮೋಟಾರು ಕಾರಿನ ಚಾವಣಿಯನ್ನು ಕತ್ತರಿಸಿ, ಕೆಲವು ಅಂಗುಲ ತಗ್ಗಿಸಿ, ಮತ್ತೆ ಕೂಡಿಸುವ ಕಲೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಬೆಳೆದು ಹೆಸರಾಯಿತು. ಆ ಕಲೆಯನ್ನು ಬಲ್ಲವರು ಇಂದಿಗೂ ಗೌರವದಿಂದ ನೆನೆಯುವ ಹೆಸರು ಸ್ಯಾಮ್ ಬ್ಯಾರಿಸ್ ಅವರದು. ಅವರು 1924ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡರು. ಅವರ ತಮ್ಮ ಜಾರ್ಜ್ ಬ್ಯಾರಿಸ್ ಹೆಸರು ಲೋಕಕ್ಕೆ ಇನ್ನೂ ಹೆಚ್ಚು ಪರಿಚಿತ. 1966ರ ಬ್ಯಾಟ್‌ಮನ್ ದೂರದರ್ಶನ ಧಾರಾವಾಹಿಯ ಕರಿಯ ಕಾರನ್ನು ಸಿದ್ಧಪಡಿಸಿ ಕೊಟ್ಟವರು ಅವರೇ. ಆದರೆ ಬ್ಯಾರಿಸ್ ಎಂಬ ಮನೆತನದ ಹೆಸರಿಗೆ ಮೊದಲ ಮನ್ನಣೆ ತಂದುಕೊಟ್ಟ ತಗಡಿನ ಕೆಲಸದ ಹಿಂದೆ ಹೆಚ್ಚಾಗಿ ಇದ್ದದ್ದು ಅಣ್ಣನ ಕೈ. ಸದ್ದಿಲ್ಲದೆ ದುಡಿದು, ನಡುವಯಸ್ಸಿನಲ್ಲೇ ತೀರಿಕೊಂಡ ಆ ಅಣ್ಣನ ಬದುಕನ್ನು ನಮ್ಮ ಓದುಗ ಕುಟುಂಬಗಳ ಮುಂದಿಡಲು ನಾವು ಇಲ್ಲಿ ಬಯಸಿದ್ದೇವೆ.

ಬ್ಯಾರಿಸ್ ಸೋದರರು ಹುಟ್ಟಿದ್ದು ಶಿಕಾಗೋ ನಗರದಲ್ಲಿ. ಅವರ ಹಿರಿಯರು ಗ್ರೀಸ್ ದೇಶದಿಂದ ವಲಸೆ ಬಂದವರು. ಸ್ಯಾಮ್‌ಗೆ ನಾಲ್ಕು, ಜಾರ್ಜ್‌ಗೆ ಮೂರು ವರ್ಷವಾಗಿದ್ದಾಗ ಮಕ್ಕಳಿಬ್ಬರೂ ಹೆತ್ತವರ ಆಸರೆ ಕಳೆದುಕೊಂಡರು. ದೂರದ ಕ್ಯಾಲಿಫೋರ್ನಿಯಾದ ರೋಸ್‌ವಿಲ್ ಎಂಬ ಊರಿನಲ್ಲಿದ್ದ ಬಂಧುಗಳಾದ ದಂಪತಿ ಅವರನ್ನು ಕರೆಸಿಕೊಂಡು ಸಾಕಿದರು. ರೋಸ್‌ವಿಲ್ ಆ ರಾಜ್ಯದ ರಾಜಧಾನಿಯಾದ ಸ್ಯಾಕ್ರಮೆಂಟೋ ನಗರಕ್ಕೆ ಹತ್ತಿರದ ಊರು. ಆ ಮನೆಯವರು ಅಲ್ಲಿ ಹೋಟೆಲು ನಡೆಸುತ್ತಿದ್ದರು. ಹುಡುಗರು ಶಾಲೆಗೆ ಹೋಗುತ್ತ, ಬಿಡುವಿನಲ್ಲಿ ಹೋಟೆಲಿನ ಕೆಲಸಕ್ಕೆ ನೆರವಾಗುತ್ತ ಬೆಳೆದರು.

ಆ ದುಡಿಮೆಗೆ ಪ್ರತಿಫಲವಾಗಿ ಅವರಿಗೆ ಒಂದು ಹಳೆಯ ಕಾರು ದೊರೆಯಿತು. ಅದು 1925ರ ಬ್ಯೂಯಿಕ್, ಸ್ಥಿತಿ ಚೆನ್ನಾಗಿರಲಿಲ್ಲ. ಅಣ್ಣತಮ್ಮಂದಿರು ಅದನ್ನು ಬಿಚ್ಚಿ, ತಟ್ಟಿ, ಬಣ್ಣ ಬಳಿದು, ತಮಗೆ ತೋಚಿದ ಅಲಂಕಾರ ಮಾಡಿ ನಡೆಯುವಂತೆ ಮಾಡಿದರು. ಬಳಿಕ ಅದನ್ನು ಮಾರಿ, ಬಂದ ಹಣದಿಂದ ಮತ್ತೊಂದು ಕಾರು ಕೊಂಡರು. ಬ್ಯಾರಿಸ್ ಸೋದರರ ವೃತ್ತಿ ಆರಂಭವಾದದ್ದು ಹೀಗೆ. ಹೈಸ್ಕೂಲು ಮುಗಿಸುವ ಹೊತ್ತಿಗಾಗಲೇ ಹಣ ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಮೊದಲ ಗಿರಾಕಿಯೂ ಅವರಿಗೆ ದೊರೆತಿದ್ದರು. ಸ್ಯಾಕ್ರಮೆಂಟೋದಲ್ಲಿ ಆಗ ಹ್ಯಾರಿ ವೆಸ್ಟರ್‌ಗಾರ್ಡ್ ಎಂಬ ನುರಿತ ತಗಡು ಕೆಲಸಗಾರರಿದ್ದರು. ಅಂಥವರ ಕಾರ್ಯಾಗಾರಗಳೇ ಆ ಸೀಮೆಯ ಹುಡುಗರಿಗೆ ಪಾಠಶಾಲೆಗಳಾದವು. ಇದಕ್ಕೆ ಪಠ್ಯಪುಸ್ತಕವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಬಲ್ಲವರ ಪಕ್ಕದಲ್ಲಿ ನಿಂತು ನೋಡುವುದು, ಉಪಕರಣ ಎತ್ತಿಕೊಡುವುದು, ಒಪ್ಪಿಗೆ ಸಿಕ್ಕಾಗ ತಾನೂ ಸುತ್ತಿಗೆ ಹಿಡಿಯುವುದು, ಇದೇ ಕಲಿಕೆಯ ಕ್ರಮವಾಗಿತ್ತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಸ್ಯಾಮ್ ಸೇನಾ ಸೇವೆಗೆ ತೆರಳಿದರು. ಜಾರ್ಜ್ ದಕ್ಷಿಣಕ್ಕೆ ಲಾಸ್ ಏಂಜಲೀಸ್ ನಗರದ ಕಡೆ ಹೋಗಿ, 1944ರ ಕೊನೆಯ ಭಾಗದಲ್ಲಿ ಬೆಲ್ ಎಂಬ ಬಡಾವಣೆಯಲ್ಲಿ ಚಿಕ್ಕದೊಂದು ಅಂಗಡಿ ತೆರೆದರು. ಯುದ್ಧ ಮುಗಿದು ಸೇವೆಯಿಂದ ಬಿಡುಗಡೆಯಾದ ಮೇಲೆ ಸ್ಯಾಮ್ ತಮ್ಮನನ್ನು ಕೂಡಿಕೊಂಡರು. ಇಬ್ಬರ ನಡುವೆ ಕೆಲಸ ತಾನಾಗಿಯೇ ಹಂಚಿಹೋಯಿತು. ಜಾರ್ಜ್ ಬಣ್ಣ ಬಳಿಯುವುದರಲ್ಲಿ, ಗಿರಾಕಿಗಳೊಡನೆ ಮಾತನಾಡುವುದರಲ್ಲಿ, ಛಾಯಾಚಿತ್ರ ತೆಗೆದು ಪತ್ರಿಕೆಗಳಿಗೆ ಮುಟ್ಟಿಸುವುದರಲ್ಲಿ ಚತುರರು. ಸ್ಯಾಮ್ ಲೋಹದ ಕೆಲಸದವರು. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಟಿಂಕರಿಂಗ್ ಎಂದು ಕರೆಯುವ ಕೆಲಸವನ್ನು ಅವರು ಅತ್ಯಂತ ಎತ್ತರಕ್ಕೆ ಒಯ್ದರು.

ಅವರು ಕೈಗೆತ್ತಿಕೊಂಡ ಕೆಲಸದ ಹಿನ್ನೆಲೆಯನ್ನು ಇಲ್ಲಿ ತಿಳಿಸಬೇಕಾಗುತ್ತದೆ. ಲಾಸ್ ಏಂಜಲೀಸ್‌ಗೆ ಈಶಾನ್ಯದ ಮರುಭೂಮಿಯಲ್ಲಿ ನೀರು ಬತ್ತಿದ ವಿಶಾಲ ಕೆರೆಯಂಗಳಗಳಿವೆ. ಅಲ್ಲಿನ ನೆಲ ಗಟ್ಟಿ ಮತ್ತು ಸಮತಟ್ಟು. ಯುದ್ಧಕ್ಕೆ ಮುಂಚೆಯೇ ಯುವಕರು ಹಳೆಯ ಫೋರ್ಡ್ ಕಾರುಗಳನ್ನು ಹಗುರಗೊಳಿಸಿ, ಎಂಜಿನ್ನನ್ನು ಬಲಪಡಿಸಿ, ಮ್ಯುರಾಕ್ ಎಂಬಂಥ ಅಂಗಳಗಳಲ್ಲಿ ವೇಗ ಪರೀಕ್ಷಿಸುತ್ತಿದ್ದರು. 1937ರಲ್ಲಿ ಅವರ ಸಂಘವೂ ಹುಟ್ಟಿತು. ಇಂಥ ಕಾರುಗಳಿಗೆ ಹಾಟ್ ರಾಡ್ ಎಂಬ ಹೆಸರು ನಿಂತಿತು. ಎತ್ತರದ ಚಾವಣಿ ಗಾಳಿಗೆ ಎದುರಾಗಿ ವೇಗವನ್ನು ತಡೆಯುತ್ತದೆ. ಆದ್ದರಿಂದ ಕೆಲವರು ಚಾವಣಿಯ ಕಂಬಗಳನ್ನು ಕತ್ತರಿಸಿ ಮೇಲ್ಭಾಗವನ್ನು ತಗ್ಗಿಸಿದರು. ವೇಗಕ್ಕಾಗಿ ಹುಟ್ಟಿದ ಆ ಉಪಾಯ ಬರಬರುತ್ತ ಚೆಲುವಿನ ಉಪಾಯವೂ ಆಯಿತು. ಚಾವಣಿ ತಗ್ಗಿದರೆ ಕಾರು ಉದ್ದವಾಗಿ, ನೆಲಕ್ಕೆ ಅಂಟಿದಂತೆ ಕಾಣುತ್ತದೆ. ಹೀಗೆ ನೋಟಕ್ಕಾಗಿ ಮಾರ್ಪಡಿಸಿದ ಕಾರುಗಳನ್ನು ಕಸ್ಟಮ್ ಎಂದು ಕರೆದರು. ಬ್ಯಾರಿಸ್ ಸೋದರರ ಅಂಗಡಿ ಹೆಸರು ಮಾಡಿದ್ದು ಈ ಎರಡನೆಯ ಬಗೆಯಲ್ಲಿ.

ಕೇಳುವುದಕ್ಕೆ ಇದು ಸುಲಭದ ಕೆಲಸ: ಕಂಬಗಳಲ್ಲಿ ನಾಲ್ಕು ಅಂಗುಲ ಕತ್ತರಿಸಿ ತೆಗೆದು, ಮೇಲಿನದನ್ನು ಕೆಳಗಿಳಿಸಿ ಬೆಸೆದರೆ ಮುಗಿಯಿತು. ಆದರೆ ಇದರಲ್ಲೊಂದು ಜ್ಯಾಮಿತಿಯ ತೊಡಕಿದೆ. ಬೋರಲು ಹಾಕಿದ ಬಕೆಟ್ಟನ್ನು ನಮ್ಮ ವಿದ್ಯಾರ್ಥಿಗಳು ಕಲ್ಪಿಸಿಕೊಳ್ಳಲಿ. ಅದರ ನಡುವಿನಿಂದ ನಾಲ್ಕು ಅಂಗುಲ ಅಗಲದ ಬಳೆಯೊಂದನ್ನು ಕತ್ತರಿಸಿ ತೆಗೆದರೆ, ಮೇಲಿನ ತುಂಡು ಕೆಳಗಿನ ತುಂಡಿನ ಮೇಲೆ ಸರಿಯಾಗಿ ಕೂರುವುದಿಲ್ಲ. ಮೇಲಿನದರ ಬಾಯಿ ಚಿಕ್ಕದು, ಕೆಳಗಿನದರ ಬಾಯಿ ದೊಡ್ಡದು. ಕಾರಿನ ಚಾವಣಿಯೂ ಹೀಗೆಯೇ. ಮುಂದಿನ ಕಂಬಗಳು ಹಿಂದಕ್ಕೆ ವಾಲಿರುತ್ತವೆ, ಹಿಂಬದಿ ಮುಂದಕ್ಕೆ ವಾಲಿರುತ್ತದೆ, ಎರಡು ಪಕ್ಕಗಳೂ ಒಳಕ್ಕೆ ಬಾಗಿರುತ್ತವೆ. ಕಂಬವೊಂದು ನಾಲ್ಕು ಅಂಗುಲ ಏರುವಾಗ ಎರಡು ಅಂಗುಲ ಹಿಂದೆ ಸರಿಯುವಂತೆ ವಾಲಿದೆ ಎಂದಿಟ್ಟುಕೊಂಡರೆ, ಆ ನಾಲ್ಕು ಅಂಗುಲ ತೆಗೆದಾಗ ಆ ಒಂದು ತುದಿಯಲ್ಲೇ ಎರಡು ಅಂಗುಲದ ವ್ಯತ್ಯಾಸ ಬರುತ್ತದೆ. ಹಿಂದಿನ ತುದಿಯ ಲೆಕ್ಕ ಬೇರೆ.

ಈ ವ್ಯತ್ಯಾಸವನ್ನು ತುಂಬಲು ಹಲವು ದಾರಿಗಳಿವೆ. ಚಾವಣಿಯನ್ನೇ ಅಡ್ಡಲಾಗಿ ಸೀಳಿ ನಡುವೆ ತಗಡಿನ ಪಟ್ಟಿ ಸೇರಿಸಿ ಉದ್ದ ಮಾಡಬಹುದು. ಮುಂದಿನ ಕಂಬಗಳನ್ನು ಇನ್ನಷ್ಟು ಓರೆಯಾಗಿಸಬಹುದು. ಹಿಂದಿನ ಗಾಜನ್ನು ಅದರ ಚೌಕಟ್ಟಿನ ಸಮೇತ ಬಿಡಿಸಿ, ಹೆಚ್ಚು ಮಲಗಿಸಿ, ಸುತ್ತಲಿನ ತಗಡನ್ನು ಹೊಸದಾಗಿ ರೂಪಿಸಬಹುದು. ಯಾವುದನ್ನು ಎಷ್ಟು ಮಾಡಬೇಕೆಂಬುದು ಕಾರಿನಿಂದ ಕಾರಿಗೆ ಬೇರೆ. ಚಾವಣಿಯ ಗೆರೆ ಮುಂಗಾಜಿನ ನೆತ್ತಿಯಿಂದ ಹಿಂದಿನ ಡಿಕ್ಕಿಯವರೆಗೆ ಎಲ್ಲಿಯೂ ಮುರಿಯದೆ ಹರಿಯಬೇಕು. ಅದನ್ನು ಅಳತೆಪಟ್ಟಿಯೊಂದೇ ಹೇಳಿಕೊಡಲಾರದು, ಕಣ್ಣು ಪಳಗಿರಬೇಕು. ಸ್ಯಾಮ್ ಅವರ ಹಿರಿಮೆಯನ್ನು ಬಲ್ಲವರು ಗುರುತಿಸಿದ್ದು ಈ ಗೆರೆಯಲ್ಲಿ.

ಕೆಲಸದ ಕ್ರಮವೂ ತಾಳ್ಮೆ ಬೇಡುವಂಥದು. ಕತ್ತರಿಸುವ ಮುನ್ನ ಒಳಗಡೆ ಕಬ್ಬಿಣದ ಕೊಳವೆಗಳನ್ನು ಅಡ್ಡಡ್ಡವಾಗಿ ಬೆಸೆದು ಕಾರಿನ ಒಡಲನ್ನು ಬಿಗಿಯಬೇಕು. ಇಲ್ಲವಾದರೆ ಚಾವಣಿ ಬಿಚ್ಚಿದೊಡನೆ ಒಡಲು ಹಿಗ್ಗಿ ಬಾಗಿಲುಗಳು ಕೂಡಲಾರವು. ಬಾಗಿಲಿನ ಮೇಲ್ಚೌಕಟ್ಟುಗಳನ್ನೂ ಅದೇ ಪ್ರಮಾಣದಲ್ಲಿ ಗಿಡ್ಡ ಮಾಡಬೇಕು. ಚಪ್ಪಟೆ ಗಾಜಾದರೆ ಕತ್ತರಿಸಿ ಕೂಡಿಸಬಹುದು, ಬಾಗಿದ ಗಾಜು ಕತ್ತರಿಸುವಾಗ ಒಡೆಯುವ ಭಯ ಹೆಚ್ಚು. ಇನ್ನು ಬೆಸುಗೆಯ ಮಾತು. ತೆಳು ತಗಡಿಗೆ ಅನಿಲದ ಉರಿ ತಾಕಿದರೆ ಅದು ಹಿಗ್ಗುತ್ತದೆ, ಆರುವಾಗ ಕುಗ್ಗಿ ಸುಕ್ಕಾಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೆಸೆದು, ಬಿಸಿ ಆರುವ ಮೊದಲೇ ಒಳಗಡೆ ಉಕ್ಕಿನ ಅಚ್ಚು ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಬೇಕು. ಉಳಿದ ಸಣ್ಣ ತಗ್ಗುಗಳಿಗೆ ಸೀಸ ಬೆರೆತ ಲೋಹವನ್ನು ಕರಗಿಸಿ, ಮರದ ಹಲಗೆಯಿಂದ ಸವರಿ, ಆರಿದ ಮೇಲೆ ಅರದಿಂದ ಉಜ್ಜಿ ನುಣುಪುಗೊಳಿಸಬೇಕು. ಇಂದು ಗ್ಯಾರೇಜುಗಳಲ್ಲಿ ಪುಟ್ಟಿ ಮಾಡುವ ಕೆಲಸವನ್ನು ಆ ಕಾಲದಲ್ಲಿ ಸೀಸ ಮಾಡುತ್ತಿತ್ತು. ಸೀಸದ ಧೂಳು ಮೈಗೆ ವಿಷ ಎಂಬುದನ್ನು ಇಲ್ಲಿ ಸೇರಿಸಿಯೇ ಹೇಳಬೇಕು.

1948ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಾಟ್ ರಾಡ್ ಪ್ರದರ್ಶನವೊಂದು ನಡೆಯಿತು. ಅದೇ ವರ್ಷ ಹಾಟ್ ರಾಡ್ ಪತ್ರಿಕೆಯನ್ನು ಆರಂಭಿಸಿದ ರಾಬರ್ಟ್ ಪೀಟರ್ಸನ್ ಅದರ ಏರ್ಪಾಡಿನಲ್ಲಿ ಮುಖ್ಯರಾಗಿದ್ದರು. ವೇಗದ ಕಾರುಗಳ ನಡುವೆ ಬ್ಯಾರಿಸ್ ಅಂಗಡಿಯ ಕಾರೂ ಅಲ್ಲಿ ಕಾಣಿಸಿಕೊಂಡಿತು. ಜನ ಅಂಗಡಿಯನ್ನು ಹುಡುಕಿಕೊಂಡು ಬರತೊಡಗಿದರು. ಬರುಬರುತ್ತ ಅಂಗಡಿ ಲಿನ್‌ವುಡ್ ಎಂಬಲ್ಲಿಗೆ ಬದಲಾಯಿತು, ಕೆಲಸಗಾರರೂ ಹೆಚ್ಚಿದರು.

ಆ ದಿನಗಳಲ್ಲಿ ಮಾರುಕಟ್ಟೆಗೆ ಬಂದಿದ್ದ 1949ರ ಮಾದರಿಯ ಮರ್ಕ್ಯುರಿ ಕಾರು ದುಂಡಾದ, ತುಂಬಿದ ಮೈಕಟ್ಟಿನದು. ಚಾವಣಿ ಮಾತ್ರ ಆ ಮೈಗೆ ಹೊಂದದಷ್ಟು ಎತ್ತರವೆಂದು ಹಲವರಿಗೆ ತೋರಿತು. ಆದರೆ ಅದರ ಹಿಂಬದಿಯ ವಕ್ರಗೆರೆಗಳು ಎಷ್ಟು ತೊಡಕಿನವು ಎಂದರೆ ಕತ್ತರಿ ಹಾಕಲು ಅನುಭವಿಗಳೂ ಹಿಂಜರಿಯುತ್ತಿದ್ದರು. ಸ್ಯಾಮ್ ಬೇರೆಯವರ ಕಾರಿನ ಮೇಲೆ ಪ್ರಯೋಗ ನಡೆಸಲಿಲ್ಲ. ಹೆಚ್ಚು ಹಳತಾಗದ ಸ್ವಂತ ಮರ್ಕ್ಯುರಿಯನ್ನೇ ಕತ್ತರಿಸಿದರು. ತಪ್ಪಿದ್ದರೆ ನಷ್ಟ ಅವರದೇ ಆಗುತ್ತಿತ್ತು. ಆ ಮಾದರಿಯ ಚಾವಣಿ ತಗ್ಗಿಸಿದವರಲ್ಲಿ ಅವರು ಮೊದಲಿಗರ ಸಾಲಿನವರು. ಅವರು ಕಂಡುಕೊಂಡ ಆ ಗೆರೆ ಮುಂದೆ ಆ ಕಾರಿನ ಮಾದರಿ ರೂಪವೇ ಆಗಿಬಿಟ್ಟಿತು. ಇಂದಿಗೂ ಆ ವರ್ಷಗಳ ಮರ್ಕ್ಯುರಿಯನ್ನು ಕತ್ತರಿಸುವವರು ಆ ಗೆರೆಯನ್ನೇ ಎದುರಿಗಿಟ್ಟುಕೊಳ್ಳುತ್ತಾರೆ.

ಇದೇ ಕಾಲದಲ್ಲಿ ನಿಕ್ ಮಟ್ರಾಂಗಾ ಎಂಬ ಗಿರಾಕಿಗಾಗಿ 1940ರ ಮರ್ಕ್ಯುರಿಯೊಂದು ಅಂಗಡಿಯಲ್ಲಿ ಸಿದ್ಧವಾಯಿತು. ಚಾವಣಿ ತಗ್ಗಿಸಿದ್ದಲ್ಲದೆ, ಪಕ್ಕದ ಕಿಟಕಿಗಳ ನಡುವಣ ಕಂಬವನ್ನೂ ತೆಗೆದು, ಗಾಜಿನ ಚೌಕಟ್ಟಿಗೆ ಬಳುಕುವ ಬಾಗು ಕೊಟ್ಟಿದ್ದರು. ಆ ಕಾರು ಅಪಘಾತದಲ್ಲಿ ಹಾಳಾಗಿ ಇಂದು ಉಳಿದಿಲ್ಲ. ಆದರೂ ಛಾಯಾಚಿತ್ರಗಳನ್ನು ನೋಡಿ ಅದನ್ನು ಮತ್ತೆ ಕಟ್ಟಿದವರಿದ್ದಾರೆ.

ಎಲ್ಲಕ್ಕಿಂತ ಹೆಸರಾದದ್ದು ಬಾಬ್ ಹಿರೋಹಾಟಾ ಅವರ ಕಾರು. ಹಿರೋಹಾಟಾ ಜಪಾನಿ ಮೂಲದ ಅಮೆರಿಕನ್ ಯುವಕ. ಯುದ್ಧಕಾಲದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಪ್ರಜೆಗಳನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಿದ ನೋವು ಆ ಸಮುದಾಯದಲ್ಲಿ ಇನ್ನೂ ಮಾಸಿರಲಿಲ್ಲ. ಅಂಥ ದಿನಗಳಲ್ಲಿ ಗ್ರೀಕ್ ವಲಸಿಗರ ಮಕ್ಕಳ ಅಂಗಡಿಗೆ ಜಪಾನಿ ವಂಶದ ಯುವಕನೊಬ್ಬ 1951ರ ಮರ್ಕ್ಯುರಿ ತಂದು ಒಪ್ಪಿಸಿದ. ಕೆಲಸಕ್ಕೆ 97 ದಿನ ಹಿಡಿಯಿತು. ಚಾವಣಿಯನ್ನು ಮುಂದೆ ನಾಲ್ಕು ಅಂಗುಲ, ಹಿಂದೆ ಏಳು ಅಂಗುಲ ತಗ್ಗಿಸಲಾಯಿತು. ಆದ್ದರಿಂದ ಅದು ಹಿಂದೆ ಹೋದಂತೆ ನೆಲದತ್ತ ಇಳಿಯುವಂತೆ ಕಾಣುತ್ತದೆ. ನಡುಗಂಬ ತೆಗೆದು, ಪಕ್ಕಗಳಿಗೆ ಬ್ಯೂಯಿಕ್ ಕಾರಿನ ಹೊಳೆಯುವ ಪಟ್ಟಿ ಜೋಡಿಸಿ, ಎರಡು ಛಾಯೆಯ ಹಸಿರು ಬಳಿದರು. ಲೋಹದ ಕೆಲಸದಲ್ಲಿ ಸ್ಯಾಮ್ ಮುಂದಾಳು, ಅಂಗಡಿಯ ಇತರರೂ ಕೈಗೂಡಿಸಿದ್ದರು. 1952ರ ನವೆಂಬರಿನಲ್ಲಿ ಲಾಸ್ ಏಂಜಲೀಸ್‌ನ ಮೋಟೋರಾಮಾ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂದಿತು. ಮರುವರ್ಷ ಹಿರೋಹಾಟಾ ಕ್ಯಾಡಿಲಾಕ್ ಎಂಜಿನ್ ಹಾಕಿಸಿ, ಅದೇ ಕಾರನ್ನು ತಾವೇ ಓಡಿಸಿಕೊಂಡು ದೇಶದ ಒಳನಾಡಿನ ಇಂಡಿಯಾನಾಪೊಲಿಸ್ ನಗರದವರೆಗೆ ಹೋದರು. ನೋಡಲು ಸೊಗಸಾದ ಕಾರು ದೂರದ ದಾರಿಯನ್ನೂ ತಾಳಿಕೊಂಡಿತು ಎಂಬುದೇ ಆ ಬೆಸುಗೆಯ ಗಟ್ಟಿತನಕ್ಕೆ ಸಾಕ್ಷಿ.

ಹೆಸರು ಏರುತ್ತಿದ್ದ ಹೊತ್ತಿನಲ್ಲೇ ಸ್ಯಾಮ್ ಬೇರೆ ದಾರಿ ಹಿಡಿದರು. 1950ರ ದಶಕದ ನಡುವಿನಲ್ಲಿ ಅವರು ಲಾಸ್ ಏಂಜಲೀಸ್‌ನ ಗದ್ದಲ ಬಿಟ್ಟು, ತಾವು ಬೆಳೆದ ಸ್ಯಾಕ್ರಮೆಂಟೋ ಸೀಮೆಗೆ ಮರಳಿ, ಕಾರ್‌ಮೈಕಲ್ ಎಂಬ ಊರಿನಲ್ಲಿ ನೆಲೆಸಿದರು. ಹೆಂಡತಿ ಮಕ್ಕಳೊಡನೆ ನೆಮ್ಮದಿಯಾಗಿರುವುದು ಅವರಿಗೆ ಹೆಸರಿಗಿಂತ ಹೆಚ್ಚಾಗಿತ್ತು. ಅಂಗಡಿ ತಮ್ಮನ ಕೈಯಲ್ಲಿ ಬೆಳೆಯಿತು. 1957ರ ಡಿಸೆಂಬರಿನಲ್ಲಿ ಅದಕ್ಕೆ ಬೆಂಕಿ ಬಿದ್ದು ಹಲವು ಕಾರುಗಳು ಸುಟ್ಟುಹೋದವು. ಆದರೂ ಜಾರ್ಜ್ ಎದ್ದು ನಿಂತು, ಚಲನಚಿತ್ರ ಮತ್ತು ದೂರದರ್ಶನದ ಕಾರುಗಳಿಂದ ಲೋಕಖ್ಯಾತರಾದರು. 1963ರಲ್ಲಿ ಲೇಖಕ ಟಾಮ್ ವುಲ್ಫ್ ಈ ಕಸ್ಟಮ್ ಲೋಕದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲೂ ಎದ್ದು ಕಾಣುವವರು ಜಾರ್ಜ್. ಸ್ಯಾಮ್ 1967ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಜಾರ್ಜ್ 2015ರವರೆಗೆ, ಸುಮಾರು 90 ವರ್ಷ ಬದುಕಿದರು. ಅಣ್ಣನಿಗಿಂತ ಸರಿಸುಮಾರು ಅರ್ಧ ಶತಮಾನ ಹೆಚ್ಚು ಕಾಲ ತಮ್ಮ ಕಥೆಯನ್ನು ತಾವೇ ಹೇಳುವ ಅವಕಾಶ ಅವರಿಗಿತ್ತು.

ಇದರಲ್ಲಿ ತಮ್ಮನ ಮೇಲೆ ತಪ್ಪು ಹೊರಿಸುವ ಉದ್ದೇಶ ನಮಗಿಲ್ಲ. ಜಾರ್ಜ್ ಅವರ ಮಾತು, ಛಾಯಾಚಿತ್ರ, ಓಡಾಟಗಳಿಲ್ಲದಿದ್ದರೆ ಅಣ್ಣನ ಕೆಲಸ ಪತ್ರಿಕೆಗಳ ಪುಟಕ್ಕೆ ಏರುತ್ತಿರಲಿಲ್ಲವೇನೋ. ಆದರೆ ಸ್ಯಾಮ್ ಅವರ ಕಸುಬಿನ ಸ್ವಭಾವವೇ ಅವರನ್ನು ಮರೆಮಾಡಿತು ಎಂಬುದನ್ನು ನಾವು ಗಮನಿಸಬೇಕು. ಬಣ್ಣ ಎಲ್ಲರಿಗೂ ಕಾಣುತ್ತದೆ. ಬೆಸುಗೆ ಕಂಡರೆ ಮಾತ್ರ ಅದು ಕೆಟ್ಟ ಕೆಲಸ. ತೆಗೆದ ನಾಲ್ಕು ಅಂಗುಲ ಎಲ್ಲಿ ಹೋಯಿತೆಂದು ನೋಡುಗನಿಗೆ ತಿಳಿಯಬಾರದು. ಕಾರು ಕಾರ್ಖಾನೆಯಿಂದಲೇ ಹಾಗೆ ಬಂದಿತೆಂಬ ಭ್ರಮೆ ಹುಟ್ಟಬೇಕು. ಅಲ್ಲಿಗೆ ಮುಟ್ಟಿದ ಕೆಲಸಗಾರನ ಗುರುತು ಕೆಲಸದೊಳಗೇ ಅಡಗಿಬಿಡುತ್ತದೆ.

ಆದರೂ ಕಾಲ ಪೂರ್ತಿ ಮರೆಯಲಿಲ್ಲ. ಹಿರೋಹಾಟಾ ಕಾರು ಕೈಯಿಂದ ಕೈಗೆ ಹೋಗಿ, 1959ರಲ್ಲಿ ಹದಿಹರೆಯದ ಹುಡುಗನೊಬ್ಬನಿಗೆ 500 ಡಾಲರಿಗೆ ಸಿಕ್ಕಿತು. ಆತ ಅದನ್ನು ದಶಕಗಳ ಕಾಲ ಬಿಡದೆ ಉಳಿಸಿಕೊಂಡು, ಮೊದಲಿನ ರೂಪಕ್ಕೆ ತಂದನು. 2017ರಲ್ಲಿ ಅದು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ನೋಂದಣಿಗೆ ಸೇರಿತು. 2022ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯದ ಹರಾಜಿನಲ್ಲಿ, ಶುಲ್ಕವೂ ಸೇರಿ, 21 ಲಕ್ಷ 45 ಸಾವಿರ ಡಾಲರಿಗೆ ಮಾರಾಟವಾಯಿತು.

ನಮ್ಮ ಓದುಗ ಮನೆಗಳ ಹುಡುಗರಿಗೆ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಭಾರತದಲ್ಲಿ ರಸ್ತೆಗಿಳಿಯುವ ವಾಹನಕ್ಕೆ ಇಂಥ ಕತ್ತರಿ ಹಾಕುವಂತಿಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ತಡೆಯುತ್ತದೆ. ಕೇರಳದಿಂದ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಸ್ಪಷ್ಟಪಡಿಸಿದೆ. ಅಪಘಾತದಲ್ಲಿ ಒಳಗಿರುವವರ ತಲೆ ಕಾಯುವುದು ಚಾವಣಿಯ ಕಂಬಗಳೇ ಎಂಬುದನ್ನೂ ಮರೆಯಬಾರದು. ಕಲಿಯಬೇಕಾದ್ದು ತಗಡಿನ ಕೆಲಸ, ಅಳತೆ, ಬೆಸುಗೆ. ಅದಕ್ಕೆ ಐ.ಟಿ.ಐ.ಗಳಿವೆ, ನುರಿತ ಮೇಸ್ತ್ರಿಗಳಿದ್ದಾರೆ. ಹೊಸೂರಿನಂಥ ಕಡೆ ವಾಹನ ಕಾರ್ಖಾನೆಗಳೂ ಇವೆ.

ಸ್ಯಾಕ್ರಮೆಂಟೋ ನಗರದಲ್ಲಿ 1950ರಲ್ಲಿ ಆರಂಭವಾದ ಆಟೋರಾಮಾ ಕಾರು ಪ್ರದರ್ಶನದಲ್ಲಿ ಸ್ಯಾಮ್ ಬ್ಯಾರಿಸ್ ಸ್ಮಾರಕ ಪ್ರಶಸ್ತಿ ಎಂಬುದೊಂದಿದೆ. ಬಣ್ಣದ ಸೊಬಗಿಗಾಗಲಿ, ಎಂಜಿನ್ನಿನ ಬಲಕ್ಕಾಗಲಿ ಅದನ್ನು ಕೊಡುವುದಿಲ್ಲ; ಅದು ಶ್ರೇಷ್ಠ ಲೋಹದ ಕೆಲಸಕ್ಕೆ ಮೀಸಲು. ಆ ಪ್ರಶಸ್ತಿ ಪಡೆಯುವ ಕಾರಿನ ಮುಂದೆ ನಿಂತ ಸಾಮಾನ್ಯ ನೋಡುಗನಿಗೆ ಎಲ್ಲಿ ಕತ್ತರಿಸಿದ್ದಾರೆ, ಎಲ್ಲಿ ಕೂಡಿಸಿದ್ದಾರೆ ಎಂಬುದು ಸುಲಭವಾಗಿ ಕಾಣದು. ತೀರ್ಪುಗಾರರು ಮಾತ್ರ ಬಗ್ಗಿ, ಬೆರಳಾಡಿಸಿ, ಆ ಕಾಣದ ಜಾಗವನ್ನೇ ಹುಡುಕುತ್ತಾರೆ.